ನಿಮ್ಮ ಕಥೆಯನ್ನು ಎಲ್ಲಿಗೆ ನಿಲ್ಲಿಸುತ್ತಿದ್ದೀರಿ?

ಚಿತ್ರದುರ್ಗದ ಕೋಟೆ ಹತ್ತಿದವರು ಓಬವ್ವನ ಕಿಂಡಿ ನೋಡದೆ ಇಳಿಯೋದಿಲ್ಲ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಹೋದಳು, ಕಿಂಡಿಯಲ್ಲಿ ಸದ್ದಾಯಿತು, ಕೈಗೆ ಒನಕೆ ಬಂತು. ಈ ಕಥೆ ನಮಗೆಲ್ಲ ಬಾಯಿಪಾಠ. ಆದರೆ 1779ರಲ್ಲಿ ಹೈದರಾಲಿ ಕೋಟೆ ಗೆದ್ದ, ಮದಕರಿ ನಾಯಕ ಸೆರೆಯಾದ. ಅದೂ ನಿಜವೇ ಅಲ್ವಾ? ಕೋಟೆ ಒಂದೇ, ಕಥೆ ಎಲ್ಲಿ ನಿಲ್ಲುತ್ತೆ ಅನ್ನೋದರ ಮೇಲೆ ಗೆಲುವೋ ಸೋಲೋ ಅಂತ ಕಾಣುತ್ತೆ.

ನಮ್ಮ ಬದುಕಿನ ಕಥೆಯಲ್ಲೂ ಹೀಗೇ. ಅಮೆರಿಕದ ಮನಶ್ಶಾಸ್ತ್ರಜ್ಞ ಡಾನ್ ಮೆಕಾಡಮ್ಸ್ ಜನ ತಮ್ಮ ಜೀವನವನ್ನು ಹೇಗೆ ಹೇಳಿಕೊಳ್ಳುತ್ತಾರೆ ಅಂತ ಎಷ್ಟೋ ವರ್ಷ ಅಧ್ಯಯನ ಮಾಡಿದವರು. ಕಷ್ಟದಿಂದ ಏನೋ ಒಳ್ಳೆಯದು ಹುಟ್ಟಿತು ಅಂತ ಹೇಳಿಕೊಳ್ಳುವವರ ಮನಸ್ಸು ಸಾಮಾನ್ಯವಾಗಿ ಗಟ್ಟಿಯಾಗಿರುತ್ತೆ, ಚೆನ್ನಾಗಿದ್ದದ್ದೆಲ್ಲ ಹಾಳಾಯಿತು ಅಂತ ಅಲ್ಲಿಗೇ ನಿಲ್ಲಿಸುವವರು ಹೆಚ್ಚು ಕುಗ್ಗಿರುತ್ತಾರೆ ಅನ್ನೋದು ಅವರು ಕಂಡದ್ದು.

ಹಾಗಾದರೆ ಏನು ಮಾಡಬೇಕು? ಒಂದು ನೋಟ್‌ಬುಕ್ ತಗೊಳ್ಳಿ, ನಿಮ್ಮನ್ನು ಕಾಡುವ ಒಂದೇ ಒಂದು ಘಟನೆ ಆರಿಸಿಕೊಳ್ಳಿ. ದಿನಕ್ಕೆ 15 ನಿಮಿಷ, ನಾಲ್ಕು ದಿನ ಬರೆಯಿರಿ. ಈ ಲೆಕ್ಕ ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ನಡೆದದ್ದನ್ನೂ ಆಗ ಅನಿಸಿದ್ದನ್ನೂ ಒಟ್ಟಿಗೆ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಬರೆದ ಕೂಡಲೇ ಮನಸ್ಸು ಭಾರವಾಗುತ್ತೆ, ಅದಕ್ಕೆ ಹೆದರಬೇಡಿ. ದಿನಗಟ್ಟಲೆ ಭಾರ ಇಳಿಯದಿದ್ದರೆ ಮಾತ್ರ ನಿಲ್ಲಿಸಿ, ಆಪ್ತಸಮಾಲೋಚಕರನ್ನು ನೋಡಿ.

ಐದನೇ ದಿನ ಕೊನೆಯ ಸಾಲಿಗೆ ಬನ್ನಿ. ದಾವಣಗೆರೆಯಲ್ಲಿ ಒಂದು ಕಾಲಕ್ಕೆ ಮನೆಮನೆಯ ಮಾತಾಗಿದ್ದ ಸಾಲನ್ನೇ ತಗೊಳ್ಳೋಣ: 'ಅಪ್ಪನ ಮಿಲ್ ಮುಚ್ಚಿತು, ನನ್ನ ಓದು ನಿಂತಿತು.' ಇಲ್ಲಿ ಪೂರ್ಣವಿರಾಮ ಇಟ್ಟವರು ಯಾರು? ಮುಂದಿನ ತಿಂಗಳು ಏನಾಯಿತು? ಅಮ್ಮ ರೊಟ್ಟಿ ಬಡಿದು ಮಾರೋಕೆ ಶುರು ಮಾಡಿದಳು, ನೀವು ಮಂಡಕ್ಕಿ ಭಟ್ಟಿಯಲ್ಲಿ ಚೀಲ ಎಣಿಸಿ ಲೆಕ್ಕ ಬರೆಯೋಕೆ ಸೇರಿದಿರಿ, ಸಾಲ ಕೇಳಿ ಬಂದವರಿಗೆ ಇಲ್ಲ ಅನ್ನೋದು ಅಲ್ಲೇ ಕಲಿತಿರಿ. ಇದೂ ನಡೆದದ್ದೇ, ಇದನ್ನೂ ಬರೆಯಿರಿ. ಸುಮ್ನೆ ಸುಖಾಂತ್ಯ ಅಂಟಿಸಬೇಡಿ, ಸುಳ್ಳು ಅಂತ ನಿಮ್ಮ ಮನಸ್ಸಿಗೇ ಗೊತ್ತಾಗುತ್ತೆ. ಓದು ನಿಂತದ್ದು ನಷ್ಟವೇ. ಅದು ನಷ್ಟವಾಗಿಯೇ ಇರಲಿ.

ಇನ್ನೊಂದು ಮಾತು. 'ನಾನು ಅಂಜುಬುರುಕ' ಅಂತ ಬರೆದಿದ್ದರೆ 'ಅಂಜಿಕೆ ಬರುತ್ತೆ' ಅಂತ ತಿದ್ದಿ. ಮೈಕೇಲ್ ವೈಟ್, ಡೇವಿಡ್ ಎಪ್‌ಸ್ಟನ್ ಕಟ್ಟಿದ ಕಥನ ಚಿಕಿತ್ಸೆಯಲ್ಲಿ ಸಮಸ್ಯೆಯನ್ನು ಮನುಷ್ಯನಿಂದ ಹೀಗೆ ಬೇರೆ ಮಾಡಿ ನೋಡುತ್ತಾರೆ. ಆಮೇಲೆ, ಅಂಜಿಕೆ ಬಂದರೂ ನೀವು ಹೆಜ್ಜೆ ಇಟ್ಟ ಒಂದು ದಿನ ಹುಡುಕಿ. ಬ್ಯಾಂಕಿನ ಕೌಂಟರಿನಲ್ಲಿ ಒಬ್ಬರೇ ನಿಂತು ಫಾರಂ ತುಂಬಿದ್ದಾದರೂ ಸರಿ. ಸಣ್ಣದು ಅಂತ ಬಿಡಬೇಡಿ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ.

ಬರೆದದ್ದನ್ನು ನಂಬಿಕೆಯ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವಲ್ಲ, ಅವರೂ ಹಾಗೆ ಹೂಂಗುಟ್ಟಿದರೆ ಸಾಕು. ಬುದ್ಧಿ ಹೇಳಬೇಡ, ನಾನು ನಿಂತಾಗ 'ಆಮೇಲೆ?' ಅಂತ ಮಾತ್ರ ಕೇಳು ಅಂತ ಮೊದಲೇ ಹೇಳಿಡಿ.