ಮಜ್ಜೆ ಕಸಿಗೆ ಆಸ್ಪತ್ರೆ ಹುಡುಕುವುದು ಹೇಗೆ? ಕಸಿಯ ನಂತರದ ನೂರು ದಿನ ನೋಡಿ ಆರಿಸಿ

ನನ್ನ ಅಕ್ಕನ ಮಗನಿಗೆ ಆಗ ಐದು ವರ್ಷ. ಥಲಸ್ಸೇಮಿಯಾ, ಅಂದರೆ ಮೈಯಲ್ಲಿ ಸರಿಯಾಗಿ ರಕ್ತ ತಯಾರಾಗದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗಿ ರಕ್ತ ಹಾಕಿಸಿಕೊಂಡು ಬರುತ್ತಿದ್ದ. ‘ಬೋನ್ ಮ್ಯಾರೋ ಕಸಿ ಮಾಡಿಸಿ’ ಎಂದು ಡಾಕ್ಟರು ಹೇಳಿದ ದಿನ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: ಯಾವ ಆಸ್ಪತ್ರೆ ದೊಡ್ಡದು? ನಾವು ಕೇಳಬೇಕಾಗಿದ್ದು ಅದಲ್ಲ ಎಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಕಸಿ ಎಂದರೆ ದೊಡ್ಡ ಆಪರೇಷನ್ ಅಂದುಕೊಂಡಿದ್ದೆವು. ಹಾಗಲ್ಲ. ಜೋರು ಕೀಮೋ ಕೊಟ್ಟು, ಮೂಳೆಯೊಳಗೆ ರಕ್ತ ತಯಾರಿಸುವ ರೋಗಿಯ ಹಳೆ ಮಜ್ಜೆಯನ್ನು ಖಾಲಿ ಮಾಡುತ್ತಾರೆ. ಆಮೇಲೆ ದಾನಿಯಿಂದ ತೆಗೆದ ಕಾಂಡಕೋಶಗಳನ್ನು (ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್) ರಕ್ತ ಏರಿಸುವ ಹಾಗೆಯೇ ನಳಿಕೆಯಲ್ಲಿ ಏರಿಸುತ್ತಾರೆ. ಅದು ಕೆಲವು ಗಂಟೆಗಳ ಕೆಲಸ. ಕಷ್ಟ ಇರುವುದು ಆಮೇಲೆ. ಹೊಸ ಮಜ್ಜೆ ಬೇರು ಬಿಡಲು ಎರಡು ಮೂರು ವಾರ ಬೇಕು. ಅಷ್ಟು ದಿನ ಬಿಳಿ ರಕ್ತಕಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸಣ್ಣ ಸೋಂಕೂ ಜೀವಕ್ಕೆ ಬರಬಹುದು. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳುವುದೂ ಉಂಟು. ಡಾಕ್ಟರು ಇದನ್ನು ಜಿವಿಎಚ್‌ಡಿ ಎನ್ನುತ್ತಾರೆ. ಅದಕ್ಕೇ ಮೊದಲ ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು. ಆ ನೂರು ದಿನ ಯಾರು ಚೆನ್ನಾಗಿ ಕಾಯುತ್ತಾರೆ ಎಂದು ನೋಡಿ ಆಸ್ಪತ್ರೆ ಆರಿಸಬೇಕು.

ಮೊದಲು: ಯಾವ ಕಸಿ ಎಂದು ತಿಳಿಯಿರಿ

ಮೈಲೋಮ, ಕೆಲವು ಲಿಂಫೋಮದಂಥ ಕ್ಯಾನ್ಸರ್‌ಗಳಲ್ಲಿ ರೋಗಿಯ ಕಾಂಡಕೋಶಗಳನ್ನೇ ತೆಗೆದಿಟ್ಟು ಮರಳಿ ಕೊಡುತ್ತಾರೆ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಅಪ್ಲಾಸ್ಟಿಕ್ ಅನೀಮಿಯಾ (ಮಜ್ಜೆ ರಕ್ತ ತಯಾರಿಸದ ಕಾಯಿಲೆ), ಥಲಸ್ಸೇಮಿಯಾಕ್ಕೆ ಸಾಮಾನ್ಯವಾಗಿ ಬೇರೆಯವರ ಕೋಶ ಬೇಕು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಯಾರೂ ಹೊಂದದಿದ್ದರೆ ತಂದೆ ತಾಯಿಯಿಂದ ಅರ್ಧ ಹೊಂದಿಕೆಯ ಕಸಿ, ಇಲ್ಲವೇ ದಾತ್ರಿ, ಡಿಕೆಎಂಎಸ್ ತರಹದ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ದಾನಿ ಹುಡುಕಬೇಕು. ರೋಗಿಯ ಕೋಶವನ್ನೇ ಮರಳಿ ಕೊಡುವ ಕಸಿಯಲ್ಲಿ ಕೈ ಪಳಗಿದ ಆಸ್ಪತ್ರೆಗೆ ಅರ್ಧ ಹೊಂದಿಕೆಯ ಕಸಿಯಲ್ಲೂ ಅಷ್ಟೇ ಅನುಭವ ಇರುತ್ತದೆ ಎಂದೇನಿಲ್ಲ.

ಊರು ಬಿಡುವ ಮುಂಚೆಯೇ: ರಕ್ತದ ವಿಷಯ

ಇದನ್ನು ನಮಗೆ ಯಾರೂ ಮೊದಲೇ ಹೇಳಲಿಲ್ಲ. ಕಸಿ ಆಗುವ ಸಾಧ್ಯತೆ ಇದ್ದರೆ ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರು ರೋಗಿಗೆ ರಕ್ತ ಕೊಡಬಾರದು. ಅವರ ರಕ್ತ ಹೋದರೆ ರೋಗಿಯ ಮೈ ಅವರ ಕೋಶಗಳ ವಿರುದ್ಧ ತಯಾರಾಗಿಬಿಡಬಹುದು. ಆಮೇಲೆ ಅವರದೇ ಕಸಿ ನಿಲ್ಲುವುದು ಕಷ್ಟ. ನಮ್ಮ ಭಾವ ಪ್ರೀತಿಯಿಂದ ಎರಡು ಸಲ ಮಗನಿಗೆ ರಕ್ತ ಕೊಟ್ಟಿದ್ದರು. ಗೊತ್ತಾದ ಮೇಲೆ ಅವರು ಪಟ್ಟ ಸಂಕಟ ಹೇಳತೀರದು. ಬಳ್ಳಾರಿಯಾಗಲಿ ರಾಯಚೂರಾಗಲಿ, ರಕ್ತನಿಧಿಯಲ್ಲಿ ಬಿಳಿಕಣ ಸೋಸಿದ ರಕ್ತ ಸಿಗುತ್ತದಾ ಎಂದು ಕೇಳಿ. ಏರಿಸಿದ ಪ್ರತಿ ಬಾಟಲಿಯ ಲೆಕ್ಕ ಬರೆದಿಡಿ.

ಯಾರ ಕೋಶ ಹೊಂದುತ್ತದೆ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆ ಬೇಗ ಮಾಡಿಸಿ. ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಜಾಸ್ತಿ ಅಲ್ವಾ? ಅಂಥ ಮನೆಗಳಲ್ಲಿ ಒಡಹುಟ್ಟಿದವರ ಆಚೆಗೂ ಪೂರ್ತಿ ಹೊಂದುವ ನೆಂಟರು ಸಿಗಬಹುದು. ಸಂಬಂಧದೊಳಗೇ ಮದುವೆಯಾಗಿದ್ದರೆ ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಬೆಂಗಳೂರಿನ ಕಿದ್ವಾಯಿ, ವೆಲ್ಲೂರಿನ ಸಿಎಂಸಿ, ಹೈದರಾಬಾದಿನ ನಿಮ್ಸ್ ಎಂಬ ಹೆಸರುಗಳು ನಮ್ಮ ಕಡೆ ಎಲ್ಲರ ಬಾಯಲ್ಲೂ ಇವೆ. ಕಸಿ ಮಾಡುವ ಖಾಸಗಿ ಆಸ್ಪತ್ರೆಗಳೂ ಹಲವು. ಕನಿಷ್ಠ ಎರಡು ಕಡೆ ಹೋಗಿ ಕೂತು ಮಾತಾಡಿ.

‘ಇಲ್ಲಿ ಎಷ್ಟು ಕಸಿ ಆಗಿವೆ’ ಎಂದಷ್ಟೇ ಕೇಳಿದರೆ ಸಾಲದು. ‘ಇದೇ ಕಾಯಿಲೆಗೆ, ಇದೇ ವಯಸ್ಸಿನವರಿಗೆ, ಇದೇ ಬಗೆಯ ದಾನಿಯಿಂದ ಕಳೆದ ವರ್ಷ ಎಷ್ಟು ಮಾಡಿದಿರಿ? ನೂರನೇ ದಿನಕ್ಕೆ ಎಷ್ಟು ಜನ ಉಳಿದಿದ್ದರು? ಒಂದು ವರ್ಷಕ್ಕೆ?’ ಎಂದು ಕೇಳಿ. ಕೇಳಲು ಬಾಯಿ ಬರುವುದಿಲ್ಲ, ನಿಜ. ಆದರೆ ಕೇಳಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ನೂರಕ್ಕೆ ನೂರು ವಾಸಿ ಎನ್ನುವವರನ್ನು ನಾನಂತೂ ನಂಬುವುದಿಲ್ಲ.

ರೋಗಿಯ ಕೋಣೆಗೆ ಹೆಪಾ ಫಿಲ್ಟರ್‌ನಲ್ಲಿ ಸೋಸಿದ ಶುದ್ಧ ಗಾಳಿ ಇದೆಯಾ? ಅದೇ ಕಟ್ಟಡದಲ್ಲಿ ಐಸಿಯು ಇದೆಯಾ? ರಕ್ತವನ್ನು ವಿಕಿರಣ ಹಾಯಿಸಿ ಕೊಡುತ್ತಾರಾ? ಸಿಎಂವಿ ವೈರಸ್ ಪರೀಕ್ಷೆಯ ವರದಿ ಎಷ್ಟು ದಿನಕ್ಕೆ ಕೈಗೆ ಬರುತ್ತದೆ? ಇವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಪ್ಲೇಟ್‌ಲೆಟ್ ವಿಷಯವನ್ನು ಬೇರೆಯಾಗಿ ಕೇಳಿ. ನಾವು ಮೊದಲು ಹೋದ ಆಸ್ಪತ್ರೆಯ ಕಟ್ಟಡ ಅರಮನೆಯ ಹಾಗಿತ್ತು. ಭಾನುವಾರ ರಾತ್ರಿ ಪ್ಲೇಟ್‌ಲೆಟ್ ಬೇಕಾದರೆ ಏನು ಮಾಡುತ್ತೀರಿ ಎಂದರೆ, ‘ದಾನಿಗಳನ್ನು ನೀವೇ ಕರ್ಕೊಂಡು ಬರಬೇಕು’ ಎಂದರು. ಗಂಗಾವತಿಯವರು ಆ ಊರಲ್ಲಿ ನಡುರಾತ್ರಿ ಯಾರ ಬಾಗಿಲು ತಟ್ಟುವುದು? ಎರಡನೇ ಆಸ್ಪತ್ರೆಯಲ್ಲಿ ಅಕ್ಕ ಡಾಕ್ಟರನ್ನು ಬಿಟ್ಟು ನರ್ಸಮ್ಮನನ್ನೇ ಕೇಳಿದಳು: ‘ರಾತ್ರಿ ಎರಡಕ್ಕ ಜ್ವರ ಬಂದ್ರ ಯಾರ್ ಬರ್ತಾರ್ರೀ?’ ಆಕೆ ಡ್ಯೂಟಿ ಡಾಕ್ಟರ ಹೆಸರು, ಎಷ್ಟು ಹೊತ್ತಿನಲ್ಲಿ ಆಂಟಿಬಯೋಟಿಕ್ ಶುರು ಮಾಡುತ್ತಾರೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅಕ್ಕ ಅಲ್ಲೇ ತೀರ್ಮಾನ ಮಾಡಿದಳು.

ಇನ್ನೊಂದು ಮಾತು. ಕೀಮೋದಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಬರಬಹುದು. ರೋಗಿ ಹರೆಯದವರಾದರೆ ವೀರ್ಯ ಅಥವಾ ಅಂಡಾಣು ತೆಗೆದಿಡುವ ಬಗ್ಗೆ ಮೊದಲೇ ಕೇಳಬೇಕು. ಕೀಮೋ ಶುರುವಾದ ಮೇಲೆ ತಡವಾಗುತ್ತದೆ.

ದುಡ್ಡು

ಅಂದಾಜು ಪಟ್ಟಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಪ್ಯಾಕೇಜ್ ಎಷ್ಟು ದಿನಕ್ಕೆ? ಫಂಗಸ್ ಔಷಧಿ, ಐಸಿಯು, ಮತ್ತೆ ದಾಖಲಾಗುವುದು ಅದರಲ್ಲೇ ಬರುತ್ತದಾ? ಬಿಲ್ ಬೆಳೆಯುವುದು ಇವುಗಳಿಂದಲೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಆದರೆ ನಿಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ, ಆ ಕಸಿಗೆ ನಡೆಯುತ್ತದಾ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಹೊರರಾಜ್ಯಕ್ಕೆ ಹೋಗುವವರು ಇದನ್ನು ಕೇಳಲೇಬೇಕು. ರಾಯಚೂರಿನ ರಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಅಥವಾ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ರೆಫರಲ್ ಪತ್ರ ತೆಗೆದುಕೊಂಡೇ ಹೊರಡಿ. ಥಲಸ್ಸೇಮಿಯಾ ಮಕ್ಕಳಿಗೆ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆ 2017ರಲ್ಲಿ ಶುರುವಾಯಿತು. ಅದರಲ್ಲಿ 10 ಲಕ್ಷದವರೆಗೆ ಸಿಗುತ್ತದೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಮಾತ್ರ. ಪ್ರಧಾನಮಂತ್ರಿ, ಮುಖ್ಯಮಂತ್ರಿ ಪರಿಹಾರ ನಿಧಿಗೂ ಇದೇ ಅಂದಾಜು ಪಟ್ಟಿ ಬೇಕಾಗುತ್ತದೆ.

ದೂರ ಮತ್ತು ಬಾಡಿಗೆ ಮನೆ

ಕೊಪ್ಪಳ, ಬಳ್ಳಾರಿಯವರಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಹತ್ತಿರ ಎನ್ನುವುದಕ್ಕಿಂತ ಆಸ್ಪತ್ರೆಯ ಪಕ್ಕದಲ್ಲಿ ಮೂರು ನಾಲ್ಕು ತಿಂಗಳು ಇರಲು ಮನೆ ಸಿಗುತ್ತದಾ ಎನ್ನುವುದು ಮುಖ್ಯ. ಸ್ವಂತ ಅಡುಗೆಮನೆ ಇರಲಿ. ಅಕ್ಕಪಕ್ಕ ಕಟ್ಟಡದ ಕೆಲಸ ನಡೆಯುತ್ತಿರಬಾರದು. ಆ ಧೂಳಲ್ಲಿ ಫಂಗಸ್ ಇರುತ್ತದೆ.

ಊರಿಗೆ ಬಂದ ಮೇಲೂ ಅದೇ ಎಚ್ಚರ. ನಮ್ಮ ಮನೆ ಹಿಂದೆಯೇ ರೈಸ್ ಮಿಲ್. ಹೊಟ್ಟು, ಹುಲ್ಲಿನ ಧೂಳು ಬೇಡವೆಂದು ಆ ವರ್ಷ ಹುಡುಗನನ್ನು ಊರಾಚೆಯ ಬೇರೆ ಮನೆಯಲ್ಲಿಟ್ಟೆವು. ಜ್ವರ 100.4 ದಾಟಿದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಇಲ್ಲಿನ ಯಾವ ಡಾಕ್ಟರು ನೋಡಬೇಕು ಎಂಬುದನ್ನು ಡಿಸ್ಚಾರ್ಜ್ ದಿನವೇ ಬರೆಸಿಕೊಂಡಿದ್ದೆವು. ಕನ್ನಡದಲ್ಲೇ ಬರೆದುಕೊಡಿ ಎಂದು ಕೇಳಿದ್ದಕ್ಕೆ ಬರೆದುಕೊಟ್ಟರು.

ಕಸಿಯಾದ ಮೇಲೆ ಹಳೆ ಲಸಿಕೆಗಳ ಬಲ ಹೋಗಿಬಿಡುತ್ತದೆ. ಡಾಕ್ಟರು ಹೇಳಿದ ತಿಂಗಳಿಂದ ಮತ್ತೆ ಮೊದಲಿನಿಂದ ಹಾಕಿಸಬೇಕು. ಏಳು ವರ್ಷದ ಹುಡುಗ ಕೈಯಲ್ಲಿ ಹೊಸ ತಾಯಿ ಕಾರ್ಡು ಹಿಡಿದು, ಎಳೆ ಕೂಸುಗಳ ಸಾಲಿನಲ್ಲಿ ನಿಂತು, ‘ಮಾವ, ನಂದೂ ಇವತ್ತ ಮೊದಲ್ನೇ ಇಂಜೆಕ್ಷನ್’ ಅಂದ.