ನಾಯಿಯ ಗ್ಯಾಸ್ ಮಾತ್ರೆ ನಿಲ್ಲಿಸುವ ಕ್ರಮ

"ಡಾಕ್ಟ್ರೇ, ಮಾತ್ರೆ ಕೊಡೋ ತನಕ ಚೆನ್ನಾಗಿರ್ತಾನೆ. ಬಿಟ್ಟ ವಾರಕ್ಕೇ ಮತ್ತೆ ಹಳದಿ ವಾಂತಿ." ನಮ್ಮ ಕ್ಲಿನಿಕ್ಕಿನಲ್ಲಿ ಇದು ಮಾಮೂಲಿ ಮಾತು. ಜಠರದ ಹಳೇ ಉರಿಯೂತ ಮರುಕಳಿಸಿತೆಂದು ಮನೆಯವರು ತಾವೇ ಒಮೆಪ್ರಜೋಲ್ (ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆ) ಮತ್ತೆ ಶುರು ಮಾಡಿರುತ್ತಾರೆ. ಇಲ್ಲಿ ಗ್ಯಾಸ್ಟ್ರಿನ್ ಎಂಬ ಹಾರ್ಮೋನಿನ ಮೇಲೂ ಅನುಮಾನಪಡಬೇಕು.

ಜಠರದ ಕೆಳಭಾಗದ ಜಿ ಕೋಶಗಳಲ್ಲಿ ಹುಟ್ಟುವ ಈ ಹಾರ್ಮೋನು, ಊಟ ಬಿದ್ದೊಡನೆ ರಕ್ತಕ್ಕಿಳಿದು, ಹಿಸ್ಟಮಿನ್ ಎಂಬ ರಾಸಾಯನಿಕ ಬಿಡಿಸಿ, ಆಮ್ಲ ಸುರಿಸುತ್ತದೆ. ಆಮ್ಲ ಸಾಕಷ್ಟಾದಾಗ ಸೊಮ್ಯಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನು ಗ್ಯಾಸ್ಟ್ರಿನ್‌ಗೆ ಬ್ರೇಕ್ ಹಾಕುತ್ತದೆ. ಮಾತ್ರೆಯಿಂದ ಆಮ್ಲವೇ ಕಮ್ಮಿಯಾದರೆ ಬ್ರೇಕ್ ಬೀಳುವುದಿಲ್ಲ, ಗ್ಯಾಸ್ಟ್ರಿನ್ ಏರುತ್ತಲೇ ಹೋಗುತ್ತದೆ. ಆಗ ಮಾತ್ರೆ ದಿಢೀರನೆ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಬಹುದು.

ಹಾಗಾಗಿ 3-4 ವಾರ ಮೀರಿ ಕೊಟ್ಟಿದ್ದರೆ ನಿಮ್ಮ ವೈದ್ಯರನ್ನು ಕೇಳಿಕೊಂಡು ಇಳಿಸುತ್ತಾ ಬನ್ನಿ. ದಿನಕ್ಕೆರಡು ಸಲ ಇದ್ದದ್ದು ಒಂದು ವಾರ ದಿನಕ್ಕೆ ಒಂದೇ ಸಲ, ಆಮೇಲೆ ನಿಲ್ಲಿಸುವುದು. ಕೊಡುವಷ್ಟು ದಿನ ಖಾಲಿ ಹೊಟ್ಟೆಗೆ, ಊಟಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಕೊಡಿ. ಕ್ಯಾಪ್ಸೂಲಿನೊಳಗಿನ ಕಾಳು ಜಜ್ಜಬೇಡಿ. ಮೇಲಿನ ಲೇಪ ಹೋದರೆ ಔಷಧಿ ಜಠರದ ಆಮ್ಲದಲ್ಲೇ ಹಾಳಾಗುತ್ತದೆ.

ಊಟದ ಕಡೆಗೂ ಗಮನ ಬೇಕು. ಕೊಬ್ಬು ಸಣ್ಣ ಕರುಳಿಗೆ ಇಳಿದರೆ ಕೊಲಿಸಿಸ್ಟೊಕೈನಿನ್ ಎಂಬ ಕರುಳಿನ ಹಾರ್ಮೋನು ಬಿಡುಗಡೆಯಾಗಿ ಜಠರ ಖಾಲಿಯಾಗುವುದೇ ನಿಧಾನ. ಪ್ರೀತಿಗೆ ಹಾಕುವ ಮಟನ್ ಕೊಬ್ಬು, ಅನ್ನದ ಮೇಲಿನ ತುಪ್ಪ ಎರಡನ್ನೂ ಬಿಡಿ (ಅಜ್ಜಿಯರನ್ನು ಒಪ್ಪಿಸುವುದೇ ಕಷ್ಟ). ಚರ್ಮ ತೆಗೆದು ಬೇಯಿಸಿದ ಕೋಳಿ, ಮೆತ್ತನ್ನ, ಉಪ್ಪು-ಖಾರ-ಈರುಳ್ಳಿ ಇಲ್ಲದೆ ದಿನಕ್ಕೆ ಮೂರ್ನಾಲ್ಕು ಸಣ್ಣ ಪಾಲು. ಬರೀ ಬೆಳಗಿನ ಹೊತ್ತು ಹಳದಿ ನೀರು ಕಕ್ಕುವ ನಾಯಿಗೆ ಕೊನೆಯ ಪಾಲನ್ನು ಮಲಗುವ ಹೊತ್ತಿಗೆ ಕೊಟ್ಟು ನೋಡಿ, ಎಷ್ಟೋ ಸಲ ಅಷ್ಟೇ ಸಾಕು.

ಗ್ಯಾಸ್ಟ್ರಿನ್ ಪರೀಕ್ಷೆ ಬರೆದುಕೊಟ್ಟರೆ, ಒಮೆಪ್ರಜೋಲನ್ನು ಯಾವಾಗ ನಿಲ್ಲಿಸಬೇಕೆಂದು ಮೊದಲೇ ಕೇಳಿ. ರಾತ್ರಿಯಿಡೀ ಉಪವಾಸವಿದ್ದ ಮೇಲೆ ರಕ್ತ ಕೊಡಿಸಿ. ಜೊತೆಗೆ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಕೂಡ ನೋಡಿಸಿ. ಗ್ಯಾಸ್ಟ್ರಿನ್ನನ್ನು ರಕ್ತದಿಂದ ತೆಗೆಯುವುದರಲ್ಲಿ ಮೂತ್ರಪಿಂಡಕ್ಕೂ ಪಾಲಿದೆ, ಅದು ಸೋತರೂ ಅಂಕಿ ಏರುತ್ತದೆ. ಉರಿಯೂತದಿಂದ ಜಠರದ ಒಳಪದರ ಸವೆದು ಆಮ್ಲ ಕಮ್ಮಿಯಾದಾಗಲೂ ಅಷ್ಟೇ. ನಾರ್ವೆಯ ಲುಂಡೆಹುಂಡ್ ತಳಿಯಲ್ಲಿ ಈ ಸವೆತ ಹೆಚ್ಚು. ಅಂಕಿ ನೋಡಿದ ತಕ್ಷಣ ಗಡ್ಡೆಯೆಂದು ಹೆದರಬೇಡಿ, ಗ್ಯಾಸ್ಟ್ರಿನ್ ಸುರಿಸುವ ಗಡ್ಡೆ (ಗ್ಯಾಸ್ಟ್ರಿನೋಮ) ನಾಯಿಗಳಲ್ಲಿ ಅಪರೂಪ.

ವಾಂತಿಯಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ತೂಕ ಇಳಿಕೆ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಲುನೋವಿಗೆಂದು ನಿಮ್ಮ ಡೈಕ್ಲೋಫೆನಾಕ್ ಕೊಟ್ಟಿದ್ದರೆ ಮೊದಲು ಅದನ್ನೇ ಹೇಳಿ.