ಹೊರಗೆ ಓಡುವಾಗ ಯಾವ ಮಾಸ್ಕ್? ನನ್ನ ಅನುಭವ

ವಾಹನದ ಹೊಗೆಯ ನಡುವೆ ಓಡಿ ಬಂದರೆ ಸಾಕು, ಗಂಟಲು ಕೆರೆತ, ಒಣಕೆಮ್ಮು. ಬಟ್ಟೆಯ ಮಾಸ್ಕ್ ಹಾಕಿದರೂ ಅಷ್ಟೇ. ಹೊಗೆಯಲ್ಲಿರುವ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳ ಗಾತ್ರ 2.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇಲ್ಲವೇ ಅದಕ್ಕಿಂತ ಕಡಿಮೆ. ನೇಯ್ಗೆಯ ಸಂದಿಯಲ್ಲಿ ಸಲೀಸಾಗಿ ನುಸುಳುತ್ತವೆ.

ನನ್ನ ಕೈಹಿಡಿದದ್ದು ವಾಲ್ವ್ ಇರುವ ಎನ್95. ಇದರ ಫಿಲ್ಟರ್ 0.3 ಮೈಕ್ರಾನಿನ ಕಣಗಳನ್ನೂ ಕನಿಷ್ಠ ಶೇ 95ರಷ್ಟು ತಡೆಯುತ್ತದೆ. ಬಿಟ್ಟ ಉಸಿರಿನ ಬಿಸಿ, ತೇವ ವಾಲ್ವ್ ಮೂಲಕ ಹೊರಹೋಗುವುದರಿಂದ ಓಡುವಾಗ ಉಸಿರುಕಟ್ಟಿದಂತಾಗುವುದು ಕಡಿಮೆ.

ಆದರೆ ಮುಖಕ್ಕೆ ಸರಿಯಾಗಿ ಕೂರದಿದ್ದರೆ ಎಂಥ ಫಿಲ್ಟರ್ ಇದ್ದೂ ವ್ಯರ್ಥ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಇರುವುದೇ ವಾಸಿ, ಓಟದಲ್ಲಿ ಜಾರುವುದಿಲ್ಲ. ಮೂಗಿನ ತಂತಿಯನ್ನು ಎರಡೂ ಕೈಬೆರಳುಗಳಿಂದ ಒತ್ತಿ ಕೂರಿಸಿ, ಜೋರಾಗಿ ಉಸಿರೆಳೆದುಕೊಳ್ಳುತ್ತೇನೆ. ಮಾಸ್ಕ್ ತುಸು ಒಳಕ್ಕೆ ಎಳೆದುಕೊಂಡರೆ ಸರಿ, ಅಂಚಿನಲ್ಲಿ ತಣ್ಣನೆ ಗಾಳಿ ತಾಗಿದರೆ ಅಲ್ಲಿ ಸೋರುತ್ತಿದೆ ಎಂದರ್ಥ. ಗಡ್ಡವಿದ್ದರಂತೂ ಅಂಚು ಕೂರುವುದೇ ಇಲ್ಲ, ನಾನು ಬೋಳಿಸಿಬಿಟ್ಟೆ.

ಬೆವರಿಗೆ ಒದ್ದೆಯಾದರೆ ಉಸಿರೆಳೆಯುವುದು ಕಷ್ಟ, ಬದಲಿಸಬೇಕು. ವೇಗವನ್ನೂ ತಗ್ಗಿಸಿದ್ದೇನೆ. ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ. ಅಸ್ತಮಾ, ಹೃದಯದ ತೊಂದರೆ ಇರುವವರು ದಯವಿಟ್ಟು ಮೊದಲು ವೈದ್ಯರನ್ನು ಕೇಳಿ.

ಓಝೋನ್, ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲಗಳನ್ನು ಎನ್95 ತಡೆಯದು. ಅದಕ್ಕೇ ಈಗ ದೊಡ್ಡ ರಸ್ತೆ ಬಿಟ್ಟು ಒಳದಾರಿ ಹಿಡಿಯುತ್ತೇನೆ; ಗಾಳಿ ತೀರಾ ಕೆಟ್ಟ ದಿನ ಮನೆಯೊಳಗೇ ವ್ಯಾಯಾಮ.